ಮಗಳ ಮದುವೆಗೆ ನಾನು ಹಾಕಿಸಿಕೊಂಡ ಸೂಜಿ

ನನ್ನದು ಸಿಟ್ಟಿನ ಮುಖ. ಒಳಗೆ ಸಿಟ್ಟು ಇರಲಿ ಬಿಡಲಿ, ಮುಖದ ಮೇಲೆ ಮಾತ್ರ ಯಾವಾಗಲೂ ಇರುತ್ತದೆ. ಹುಬ್ಬುಗಳ ನಡುವೆ ಎರಡು ಗೀರು ನೆಟ್ಟಗೆ ನಿಂತಿವೆ, ಯಾರೋ ಉಳಿ ಹಿಡಿದು ಹೊಡೆದ ಹಾಗೆ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರ ಮಾಡುವ ಹೆಂಗಸಿಗೆ ಇದಕ್ಕಿಂತ ಒಳ್ಳೆಯ ಮುಖ ಸಿಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗಿರಾಕಿ ಬಂದು ದರ ಇಳಿಸಿ ಅಂದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಸುಮ್ಮನೆ ನೋಡುತ್ತಿದ್ದೆ. ಅವನೇ ಸ್ವಲ್ಪ ಕೆಮ್ಮಿ, "ಆಯ್ತ್ ಬಿಡ್ರಿ ಅಕ್ಕೋರೆ, ನೀವು ಹೇಳಿದ್ದೇ ಖರೆ" ಅಂದು ಲಾರಿಗೆ ಕಲ್ಲು ಹೇರಿಸಿಕೊಂಡು ಹೋಗುತ್ತಿದ್ದ.

ಈ ಗೀರುಗಳು ಹುಟ್ಟಿನಿಂದ ಬಂದವಲ್ಲ. ಮಗಳು ಆರನೆಯ ಕ್ಲಾಸಿನಲ್ಲಿದ್ದಾಗ ನನ್ನ ಗಂಡ ತೀರಿಕೊಂಡರು. ದಿನಗಳೆಲ್ಲ ಮುಗಿದ ಮೇಲೆ ನಾನು ಹೋಗಿ ಅವರ ಕುರ್ಚಿಯಲ್ಲಿ ಕೂತೆ. ಎದುರಿಗೆ ಬಯಲಿನಲ್ಲಿ ಸಾಲಾಗಿ ಒರಗಿಸಿಟ್ಟ ಕಲ್ಲು, ಮೇಲೆ ನಮ್ಮ ಕಡೆಯ ಬಿಸಿಲು. ಪಾಲಿಶ್ ಆದ ಫರ್ಸಿಯ ಮೇಲೆ ಬಿಸಿಲು ಬಿದ್ದರೆ ಕಣ್ಣು ಕಿರಿದು ಮಾಡದೆ ನೋಡಲು ಆಗುವುದಿಲ್ಲ. ಅದರ ಮೇಲೆ ಕೊಯ್ಯುವ ಮಶೀನಿನ ಧೂಳು, ವಾಡಿಯಿಂದ ಬರಬೇಕಾದ ಲಾರಿ ಬಾರದಿದ್ದಾಗಿನ ಕಿರಿಕಿರಿ, ಹೆಂಗಸು ಅಂತ ಒಡೆದ ಕಲ್ಲನ್ನು ನನ್ನ ತಲೆಗೆ ಕಟ್ಟಲು ನೋಡುವವರ ಕಾಟ. ಹುಬ್ಬು ಗಂಟಿಕ್ಕಿದ್ದು ಗಂಟಿಕ್ಕಿದ ಹಾಗೇ ಉಳಿದುಬಿಟ್ಟಿತು. ನಾನು ಅದರ ಬಗ್ಗೆ ತಲೆ ಕೆಡಿಸಿಕೊಂಡವಳಲ್ಲ.

ಮಗಳಿಗೆ ಗಂಡು ನೋಡಲು ಶುರುಮಾಡಿದಾಗ ಈ ಮುಖದ ಸುದ್ದಿ ಎದ್ದಿತು. ಮೊದಲು ಚಿಂಚೋಳಿ ಕಡೆಯವರು ಬಂದರು. ಉಪ್ಪಿಟ್ಟು ತಿಂದರು, ಚಹಾ ಕುಡಿದರು, ಮಗಳ ಹತ್ತಿರ ನಾಲ್ಕು ಮಾತಾಡಿ ಖುಷಿಯಾಗಿಯೇ ಹೋದರು. ಆಮೇಲೆ ನಡುವಿನವರ ಕೈಲಿ ಹೇಳಿಕಳಿಸಿದರು: "ಹುಡುಗಿ ಭಾಳ ಛಲೋ ಅದಾಳ್ರಿ. ಖರೆ ತಾಯಿ ಮುಖ ನೋಡಿದ್ರ ನಾಳಿ ನಮ್ಮ ಹುಡುಗನ ಗತಿ ಏನಪಾ ಅನಸ್ತದ." ಕೇಳಿ ನಾನು ಬಿದ್ದು ಬಿದ್ದು ನಕ್ಕೆ. ಅತ್ತೆಯ ಮುಖಕ್ಕೇ ಅಂಜುವ ಮನೆತನಕ್ಕೆ ಮಗಳನ್ನು ಕೊಟ್ಟು ನಾನೇನು ಮಾಡಲಿ? ಒಳ್ಳೆಯದೇ ಆಯಿತು, ಹೋಗಲಿ ಅಂದೆ.

ಸೇಡಂನ ಸಂಬಂಧ ಹಾಗಲ್ಲ. ಮಗಳು ಸೇಡಂನ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಹುಡುಗ ವಾಡಿಯ ಸಿಮೆಂಟ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ರಾತ್ರಿ ಪಾಳಿಯ ಕೆಲಸಕ್ಕಿದ್ದ. ಇಬ್ಬರೂ ಒಂದೇ ರೈಲಿಗೆ ಓಡಾಡುತ್ತ ಒಬ್ಬರಿಗೊಬ್ಬರು ಮೆಚ್ಚಿಕೊಂಡಿದ್ದರು. ಅವನೇ ಮನೆಗೆ ಬಂದು, ಬೂಟು ಹೊರಗೆ ಬಿಟ್ಟು, ನನ್ನ ಮುಖವನ್ನು ನೆಟ್ಟಗೆ ನೋಡಿ ಕೇಳಿದ. ಅಂಜಲಿಲ್ಲ. ಅಲ್ಲೇ ನನಗೆ ಹಿಡಿಸಿಬಿಟ್ಟ.

ಮಾತುಕತೆಗೆ ಅಂತ ಸೇಡಂಗೆ ಹೋದೆವು. ನನ್ನ ಜೊತೆ ಮಗಳು, ಮೈದುನ, ಅವನ ಹೆಂಡತಿ. ಹುಡುಗನ ತಾಯಿ ನಗುಮುಖದ ದೊಡ್ಡ ಹೆಂಗಸು. ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಮದುವೆ ಚಿತ್ತಾಪುರದಲ್ಲಿ ಅಂತ ಆಯಿತು, ಎರಡೂ ಕಡೆಯವರಿಗೆ ನಡುವೆ ಬೀಳುತ್ತದೆ. ಊಟ, ಸೀರೆ, ಬ್ಯಾಂಡು ಎಲ್ಲ ಸಲೀಸಾಗಿ ಮುಗಿಯಿತು. ಎಲ್ಲರೂ ಏಳುವ ಹೊತ್ತಿಗೆ ಮಗಳು ಬಾಗಿಲ ಹತ್ತಿರ ನಿಂತು ಹೇಳಿದಳು:

"ಧಾರಿ ಮಾತ್ರ ನಮ್ಮವ್ವನೇ ಎರೀಬೇಕು ನೋಡ್ರಿ. ನಂಗ ಅಪ್ಪಾನೂ ಅಕಿನೇ, ಅವ್ವಾನೂ ಅಕಿನೇ."

ಎದ್ದವರು ಮತ್ತೆ ಕೂತರು. ಧಾರೆ ಎರೆಯುವುದು ದಂಪತಿಗಳು. ತಂದೆ ಇಲ್ಲದ ಹುಡುಗಿಗೆ ಕಾಕಾ-ಕಾಕಿ ಎರೆಯುತ್ತಾರೆ, ನಮ್ಮಲ್ಲಿ ನಡೆದುಬಂದದ್ದೇ ಹಾಗೆ. ನಾನಾಗಿ ಎಂದೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಆದರೆ ಮಗಳು ಹೇಳಿದ ಕ್ಷಣ ಎದೆ ಹಿಗ್ಗಿತು. ಈ ಹುಡುಗಿಯನ್ನು ಬೆಳೆಸಿದ್ದು ನಾನು. ಕೊಡುವ ಕೈಯೂ ನನ್ನದೇ ಆಗಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು. ಆ ಮದುವೆಯಲ್ಲಿ ಮತ್ತೇನು ಹೆಚ್ಚುಕಡಿಮೆ ಆದರೂ ನಡೆಯುತ್ತಿತ್ತು.

ಹುಡುಗನ ತಾಯಿ ನನ್ನ ಮುಖ ನೋಡಿದರು. "ನೀ ಏನೋ ಹೇಳ್ತಿ ಬಿಡವ್ವಾ. ಬೀಗತಿ ಮುಖ ನೋಡಿದ್ರ ಅವ್ರಿಗೇ ಮನಸ್ಸಿದ್ದಂಗ ಕಾಣಂಗಿಲ್ಲ. ಸಿಟ್ಟಾಗ್ಯಾರ ನೋಡು" ಅಂದರು. ನನಗೆ ಆಗ ಕುಣಿಯುವಷ್ಟು ಸಂತೋಷವಾಗಿತ್ತು ಸ್ವಾಮಿ! ಇಲ್ಲ ಇಲ್ಲ ಅಂತ ಹೇಳುವಷ್ಟರಲ್ಲಿ ಮೂಲೆಯಲ್ಲಿದ್ದ ಹುಡುಗನ ಕಡೆಯ ಹಿರಿಯರೊಬ್ಬರು, "ಆ ಟೈಮಿಗಿ ನೋಡೋಣಂತ ಏಳ್ರಿ" ಅಂದು ಮಾತು ಮುಗಿಸಿದರು. ಗಂಡನಿಲ್ಲದವಳು ಧಾರೆ ಎರೆಯಬಾರದು ಅನ್ನುವ ಮಾತನ್ನು ಬಾಯಿಗೆ ತರಲು ಯಾರಿಗೂ ಧೈರ್ಯ ಇರಲಿಲ್ಲ. ಎಲ್ಲವನ್ನೂ ನನ್ನ ಮುಖದ ಮೇಲೆ ಹಾಕಿದರು. ಮುಖ ತಾನೇ, ಬಾಯಿಲ್ಲದ್ದು.

ವಾಪಸು ಬರುವಾಗ ರೈಲಿನಲ್ಲಿ ಮಗಳು ಮೊಬೈಲಿನಲ್ಲಿ ಅವತ್ತಿನ ಫೋಟೋ ತೋರಿಸಿದಳು. ಎಲ್ಲರೂ ಹಲ್ಲು ಕಿರಿದು ನಿಂತಿದ್ದಾರೆ, ನಡುವೆ ನಾನು ಠಾಣೆಗೆ ಕಂಪ್ಲೇಂಟು ಕೊಡಲು ಬಂದವಳ ಹಾಗೆ ಕೂತಿದ್ದೇನೆ. ಒಂದಲ್ಲ, ಎಲ್ಲ ಫೋಟೋದಲ್ಲೂ ಅದೇ ಕಥೆ. ಅವಳು ನಗುತ್ತಿದ್ದಳು, ನಾನೂ ನಕ್ಕೆ. ಆದರೆ ಚಿತ್ತಾಪುರ ದಾಟಿ ಅವಳು ನಿದ್ದೆ ಹೋದ ಮೇಲೆ ಎರಡು ಬೆರಳಿನಿಂದ ಆ ಗೀರುಗಳನ್ನು ಬಿಡಿಸಿ ನೋಡಿದೆ. ಬಿಡಿಸಿದಾಗ ಹೋಗುತ್ತಿದ್ದವು, ಬಿಟ್ಟ ಕೂಡಲೇ ಮತ್ತೆ ಬಂದು ಕೂರುತ್ತಿದ್ದವು. ಆಗಲೇ ನಿಶ್ಚಯ ಮಾಡಿದೆ. ನೀವು ಮುಖದ ನೆವ ಹೇಳುತ್ತೀರಿ ತಾನೆ, ಆ ನೆವವನ್ನೇ ತೆಗೆದುಬಿಡುತ್ತೇನೆ ನೋಡಿ.

ಕಲಬುರಗಿಯಲ್ಲಿ ಒಬ್ಬರು ಚರ್ಮದ ಡಾಕ್ಟರಮ್ಮ ಇದ್ದರು. ಚಿತ್ತಾಪುರದವರೇ, ಹಳೆಯ ಮುಸಲ್ಮಾನರ ಮನೆತನದ ಹೆಣ್ಣುಮಗಳು. ಮಗಳಿಗೆ ಮೊಡವೆ ಎದ್ದಾಗ ಹೋಗಿ ತೋರಿಸಿದ್ದ ಪರಿಚಯ. ಮದುವೆಗೆ ಎರಡು ವಾರ ಇರುವಾಗ, ಜಂಪರು ಹೊಲಿಯಲು ಕೊಟ್ಟು ಬರುತ್ತೇನೆ ಅಂತ ಮನೆಯಲ್ಲಿ ಹೇಳಿ ಒಬ್ಬಳೇ ಹೋದೆ. ಹೋದವಳೇ ಹಣೆ ಮುಂದೆ ಮಾಡಿ, "ಇವೆರಡು ಗೀರು ತಗದು ಕೊಡ್ರಿ" ಅಂದೆ.

ಅವರು ನಕ್ಕರು. "ತಗಿಯೂದಿಲ್ಲ ಅಮ್ಮಾ, ಮಲಗಸ್ತೀವಿ. ಬೋಟಾಕ್ಸ್ ಅಂತಾರ. ಹುಬ್ಬು ಗಂಟ್ ಹಾಕೋ ನರ-ಸ್ನಾಯು ಇರ್ತಾವಲ್ಲ, ಅಲ್ಲಿ ಒಂದೊಂದು ಹನಿ ಬಿಟ್ರ ಮೂರ್ನಾಲ್ಕು ತಿಂಗಳು ಅವು ಕೆಲಸ ಮಾಡಂಗಿಲ್ಲ."

"ಅಂದ್ರ ಧರಣಿ ಕುಂದರ್ತಾವ?"

"ಹಂಗೇ ತಿಳ್ಕೋರಿ. ಆಮ್ಯಾಲ ತಾವೇ ಎದ್ದು ಡ್ಯೂಟಿಗಿ ಬರ್ತಾವ."

ಅದು ಮೂಲದಲ್ಲಿ ಒಂದು ವಿಷ, ಕೆಟ್ಟ ಊಟದಲ್ಲಿ ಹುಟ್ಟುವ ಸೂಕ್ಷ್ಮಜೀವಿಯದು, ಅದನ್ನೇ ಶುದ್ಧ ಮಾಡಿ ಲೇಶಮಾತ್ರ ಕೊಡುತ್ತಾರೆ ಅಂತಲೂ ಅವರು ಮುಚ್ಚುಮರೆ ಇಲ್ಲದೆ ಹೇಳಿದರು. ಅಪರೂಪಕ್ಕೆ ಯಾರಿಗಾದರೂ ಕಣ್ಣಿನ ರೆಪ್ಪೆ ಜೋತು ಬೀಳಬಹುದು, ಕೆಲವು ವಾರದಲ್ಲಿ ಸರಿಹೋಗುತ್ತದೆ ಅಂತಲೂ ಅಂದರು. ನಾನು ಹೂಂ ಹೂಂ ಅಂದೆ. ಆಮೇಲೆ ಒಂದು ಬಿಳಿ ಪೆನ್ಸಿಲು ತಗೊಂಡು, "ಸಿಟ್ಟಾಗ್ರಿ ನೋಡೋಣ" ಅಂದರು.

"ಆಗೀನ್ರಿ."

"ಇದು ನಿಮ್ಮ ಮಾಮೂಲಿ ಮುಖ. ಖರೇನೇ ಸಿಟ್ಟಾಗ್ರಿ."

ಆ ಮೂಲೆಯ ಹಿರಿಯರನ್ನು ನೆನೆಸಿಕೊಂಡೆ. "ಯಾ ಅಲ್ಲಾ, ಸಾಕ್ರಿ ಸಾಕ್ರಿ" ಅಂದು ಡಾಕ್ಟರಮ್ಮ ಗುರುತು ಹಾಕಿದರು. ಸೂಜಿ ಇರುವೆ ಕಚ್ಚಿದಷ್ಟೂ ನೋಯಲಿಲ್ಲ. ಹೆದರಬೇಡಿ ಅಂತ ನರ್ಸು ನನ್ನ ಕೈ ಹಿಡಿದುಕೊಂಡಿದ್ದಳು, ಹೆದರಿದ್ದವಳು ಅವಳೇ. ಮದುವೆ ಮುಗಿದ ಮೇಲೆಯೂ, ಗೀರು ಮರಳಿ ಬಂದಾಗ, ಎಷ್ಟೋ ಸಲ ಹೋಗಿ ಹಾಕಿಸಿಕೊಂಡು ಬಂದಿದ್ದೇನೆ, ಮುಚ್ಚಿಡುವುದೇನು? ನನ್ನ ಮೈದುನ ಪ್ರತಿ ಆಯಿತವಾರ ಮೀಸೆಗೆ ಕಪ್ಪು ಹಚ್ಚಿಕೊಳ್ಳುತ್ತಾನೆ, ಯಾರಿಗೆ ತೋರಿಸಲು ಅಂತ ಅವನನ್ನು ಒಬ್ಬರೂ ಕೇಳಿಲ್ಲ.

ಹೊರಡುವಾಗ ಡಾಕ್ಟರಮ್ಮ ಬಾಗಿಲವರೆಗೂ ಬಂದು ಹೇಳಿದರು: "ಇವತ್ತೊಂದಿನ ಬಗ್ಗಬ್ಯಾಡ್ರಿ. ಹೋದಕೂಡ್ಲೆ ಮಲಗಬ್ಯಾಡ್ರಿ. ಮುಖಾ ತಿಕ್ಕೂದು ಬಿಲ್ಕುಲ್ ಬ್ಯಾಡ. ತಿಕ್ಕಿದ್ರ ಔಷಧ ಇದ್ದ ಜಾಗಾ ಬಿಟ್ಟು ಸರೀತದ."

"ನನ್ನ ಮುಖಕ್ಕ ಕೈ ಹಚ್ಚೋ ಧೈರ್ಯ ಯಾರಿಗದ ಬಿಡ್ರಿ" ಅಂತ ಹೇಳಿ, ತಲೆ ಎತ್ತಿಕೊಂಡೇ ಬಸ್ಸು ಹತ್ತಿದೆ.

ಶಹಾಬಾದಿಗೆ ಬಂದು ನೋಡುತ್ತೇನೆ, ಮನೆ ತುಂಬ ಹೆಂಗಸರು! ಅರಿಷಿಣ ಕುಟ್ಟುವ ಶಾಸ್ತ್ರ ಮರುದಿನಕ್ಕೆ ಇಟ್ಟುಕೊಂಡಿದ್ದೆವು. ಆದರೆ ನನ್ನ ಗಂಡನ ಅಕ್ಕ, ಕುರಕುಂಟಾದಲ್ಲಿರುವ ನಾದಿನಿ, ಮುಂಜಾನೆಯ ಪ್ಯಾಸೆಂಜರಿಗೆ ಬಂದಿಳಿದಿದ್ದಳು. ಬಂದವಳೇ ಪಂಚಾಂಗ ನೋಡಿಸಿ, "ನಾಳಿ ಅಮಾಸಿ ಬಂತಲ್ಲ, ನಿಮಗ ಕಣ್ಣಿಲ್ಲೇನು? ಇವತ್ತೇ ಕುಟ್ಟೋಣ ನಡೀರಿ" ಅಂತ ಓಣಿಯ ಹೆಂಗಸರನ್ನೆಲ್ಲ ಕೂಡಿಸಿಬಿಟ್ಟಿದ್ದಳು. ಈ ನಾದಿನಿಯ ಮಾತು ಮೀರುವವರು ನಮ್ಮ ಮನೆತನದಲ್ಲಿ ಯಾರೂ ಹುಟ್ಟಿಲ್ಲ. ಹೊಲದಲ್ಲಿ ಗಂಡಸರಿಗೆ ಸಮ ದುಡಿದ ಹೆಂಗಸು, ಅವಳ ಕೈ ನೋಡಿದರೆ ನನಗೂ ಅಂಜಿಕೆ.

ಒರಳಿಗೆ ದಾರ ಸುತ್ತಿ, ಒನಕೆಗೆ ಎಲೆ, ಅರಿಷಿಣ ಕೊಂಬು ಕಟ್ಟಿ, ಹಾಡು ಹೇಳುತ್ತ ಐದು ಮಂದಿ ಮುತ್ತೈದೆಯರು ಕುಟ್ಟುತ್ತಿದ್ದರು. ನಾನು ಸೀದಾ ಅಡುಗೆಮನೆಗೆ ಹೋಗಿ ಚಹಾಕ್ಕೆ ಇಟ್ಟೆ. ಅದೇ ನನ್ನ ಜಾಗ. ಗಂಡ ಹೋದ ಮೇಲೆ ಯಾರ ಮನೆಯ ಶಾಸ್ತ್ರವಿದ್ದರೂ ನಾನು ಚಹಾ ನೋಡಿಕೊಳ್ಳುವವಳು. ಹೋಗು ಅಂತ ಯಾರೂ ಹೇಳಬೇಕಾಗಿಲ್ಲ, ಕಾಲು ತಾನೇ ಅತ್ತ ಕಡೆ ಹೋಗುತ್ತದೆ. ಇದು ನನ್ನ ಸ್ವಂತ ಮಗಳ ಅರಿಷಿಣ, ಆದರೂ ಹೋಯಿತು.

ಕುಟ್ಟಿ ಮುಗಿದು, ಅರಿಷಿಣ ಎಣ್ಣೆಯಲ್ಲಿ ಕಲಸಿ, ಮೊದಲು ಯಾರಿಗೆ ಹಚ್ಚುವುದು ಅನ್ನುವ ಗದ್ದಲ ಕೇಳಿಸಿತು. ಅಷ್ಟರಲ್ಲಿ ನಾದಿನಿ ಎರಡೂ ಕೈ ಹಳದಿ ಮಾಡಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಬಾ ಈಕಡಿ."

"ಅಕ್ಕಾ, ಚಹಾ ಉಕ್ಕತದ."

"ಉಕ್ಲಿ ಬಾ. ನನ್ನ ತಮ್ಮ ಸತ್ರ ನೀ ಏನ್ ಪಾಪ ಮಾಡೀದಿ? ಮಗಳನ್ನ ಹಡದಾಕಿ ನೀ. ಮದ್ಲು ನಿಂಗೇ ಹಚ್ಚೂದು."

ಮೊಳಕೈಯಿಂದ ನನ್ನ ರಟ್ಟೆಗೆ ಸಿಕ್ಕಿಸಿ ಎಳೆದುಕೊಂಡು ಹೋಗಿ ಮಣೆಯ ಮೇಲೆ ಕೂರಿಸಿದಳು. ಹಾಡು ನಿಂತಿತು. ಯಾರೋ, "ಅಕ್ಕಾ, ಅಕಿಗಿ ಹಚ್ಚೂದು ಅಂದ್ರ..." ಅಂತ ಶುರುಮಾಡಿದರು. "ನೀ ಹಾಡು ಹೇಳವ್ವಾ, ಬುದ್ಧಿ ಹೇಳಬ್ಯಾಡ" ಅಂದಳು ನಾದಿನಿ. ಹಾಡು ಮತ್ತೆ ಎದ್ದಿತು.

ಹಚ್ಚಿದಳು ಅಂದರೆ ಹಚ್ಚಿದಳು! ಹಣೆಯಿಂದ ಗದ್ದದವರೆಗೆ ಆ ಎರಡು ಕೈ ಇಳಿದವು. ಹೆಬ್ಬೆರಳು ಹುಬ್ಬಿನ ಮೇಲಿಟ್ಟು ಒತ್ತಿ ಒತ್ತಿ ಕಣ್ಣಿನ ಕಡೆ ಎಳೆದಳು, ಎಮ್ಮೆಯ ಕರುವಿನ ಮೈ ತಿಕ್ಕುವ ಹಾಗೆ. ಡಾಕ್ಟರಮ್ಮನ ಮಾತು ಅಕ್ಷರ ಅಕ್ಷರ ನೆನಪಿಗೆ ಬಂತು. ಬಾಯಿ ತೆರೆದೆ. ತೆರೆದ ಬಾಯಿಗೆ ಅರಿಷಿಣ ಹೋಯಿತು, ಹಸಿ ಅರಿಷಿಣದ ಆ ಕಹಿ ಕಹಿ ರುಚಿ. ಅಷ್ಟೇ, ಬಾಯಿ ಮುಚ್ಚಿದೆ. ಬೇಡ ಅನ್ನಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಬಂದು ಎಲ್ಲರೂ ಹಚ್ಚಿದರು, ಬುದ್ಧಿ ಹೇಳಲು ಬಂದವಳೂ ಹಚ್ಚಿದಳು. ನಾನು ಕಣ್ಣು ಮುಚ್ಚಿ ಅಳುತ್ತ ಕೂತಿದ್ದೆ. ಸುಖದಿಂದ ಅಳುತ್ತಿದ್ದೆ, ಅದನ್ನು ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ.

ಮೂರ್ನಾಲ್ಕು ದಿನಕ್ಕೆ ಗೀರು ಹೋದವು. ಕನ್ನಡಿಯಲ್ಲಿ ಬೇರೆ ಯಾರೋ ಹೆಂಗಸು, ಆರಾಮಾಗಿ ಉಂಡು ಮಲಗಿ ಎದ್ದವಳು. ಮಗಳು ನೋಡಿ, "ಅವ್ವಾ, ಮದುವಿ ಕಳೆ ನಿನ್ನ ಮುಖಕ್ಕ ಬಂದದ" ಅಂದಳು. ಆದರೆ ವ್ಯಾಪಾರ ಮಾತ್ರ ಕೆಟ್ಟಿತು. ಗುಂಡಗುರ್ತಿಯ ಒಬ್ಬ ಗಿರಾಕಿ ಮನೆಯ ಪಡಸಾಲೆಗೆ ಫರ್ಸಿ ನೋಡಲು ಬಂದ. ದರ ಇಳಿಸಿ ಅಂದ. ನಾನು ಯಾವಾಗಿನ ಹಾಗೆ ಸುಮ್ಮನೆ ನೋಡಿದೆ. ಅವನೂ ನನ್ನನ್ನೇ ನೋಡಿ, "ಅಕ್ಕೋರು ಇವತ್ ಭಾಳ ಖುಷಿ ಅದಾರ, ಇನ್ನೊಂದೀಟ್ ಬಿಡ್ರಲಾ" ಅಂದುಬಿಟ್ಟ! ಮೊದಲ ಸಲ ನಾನು ಗಿರಾಕಿಯ ಮೇಲೆ ಕೂಗಾಡಬೇಕಾಯಿತು. ಹುಬ್ಬು ಮಾಡುತ್ತಿದ್ದ ಕೆಲಸ ಗಂಟಲಿನ ಪಾಲಿಗೆ ಬಂತು.

ಮದುವೆಗೆ ಇನ್ನು ಒಂದು ವಾರ ಇರುವಾಗ, ಒಂದು ಮುಂಜಾನೆ ಬಲಗಣ್ಣು ಭಾರ ಅನ್ನಿಸಿತು. ನಿದ್ದೆ ಇರಬೇಕು ಅಂದುಕೊಂಡೆ. ಮಗಳು ಚಹಾ ತಂದವಳು ನನ್ನನ್ನು ನೋಡಿ ಕಪ್ಪು ಕೈಬಿಟ್ಟಳು.

"ಅವ್ವಾ! ಲಕ್ವಾ!"

ರೆಪ್ಪೆ ಅರ್ಧ ಕಣ್ಣು ಮುಚ್ಚಿ ಜೋತು ಬಿದ್ದಿತ್ತು. ಅವಳು ಅಳಲು ಶುರುಮಾಡಿದ ಮೇಲೆ ಹೇಳದೆ ವಿಧಿ ಇರಲಿಲ್ಲ, ಎಲ್ಲ ಹೇಳಿದೆ. ಕಣ್ಣೊರೆಸಿಕೊಂಡಳು. ಆಮೇಲೆ, "ನೀ ಬೋಟಾಕ್ಸ್ ಮಾಡ್ಸಿಕೊಂಡಿ? ನೀ? ನಮ್ಮವ್ವ?" ಅಂತ ಹಾಸಿಗೆಯ ಮೇಲೆ ಬಿದ್ದು ನಕ್ಕಳು. ಅವಳೇ ಡಾಕ್ಟರಮ್ಮನಿಗೆ ಫೋನು ಹಚ್ಚಿದಳು. "ತಿಕ್ಕಿರೇನು?" ಅಂದರು ಅವರು. ಹೂಂ ಅಂದೆ. "ತಿಕ್ಕಿದ್ದಕ್ಕೇ ಆಯ್ತಂತ ಹೇಳಾಕಾಗಂಗಿಲ್ಲ, ಸುಮ್ಕಿದ್ರೂ ಕೆಲವರಿಗಿ ಆಗ್ತದ. ಕಣ್ಣಿಗಿ ಡ್ರಾಪ್ಸ್ ಹಾಕ್ರಿ, ಸ್ವಲ್ಪ ಏಳ್ತದ. ಪೂರಾ ಸರಿ ಆಗೂದ್ರಾಗ ಮದುವಿ ಮುಗಿದು ಹೋಗ್ತದ" ಅಂದರು. ಡ್ರಾಪ್ಸ್ ತರಿಸಿ ಹಾಕಿದೆವು. ಎದ್ದದ್ದು ಅಕ್ಕಿಕಾಳಿನಷ್ಟು.

ಅಷ್ಟರಲ್ಲಿ ಲಕ್ವಾದ ಸುದ್ದಿ ನನಗಿಂತ ಮೊದಲು ಊರೂರು ತಿರುಗಿತ್ತು. ಪಕ್ಕದ ಮನೆಯವರು ನೋಡಿದರು, ಅವರು ವಾಡಿಯಲ್ಲಿ ಹೇಳಿದರು, ವಾಡಿ ಜಂಕ್ಷನ್ನಿಗೆ ಬಂದ ಸುದ್ದಿ ಎಲ್ಲ ದಿಕ್ಕಿಗೂ ಹೊರಡುತ್ತದೆ. ಕೊಡ್ಲಿಯ ಕಡೆಯ ಯಾರೋ ನೆಂಟರು ಲಕ್ವಾದ ಎಣ್ಣೆ ಕಳಿಸಿದರು. ಹಗಲೂ ರಾತ್ರಿ ಮುಖಕ್ಕೆ ತಿಕ್ಕಬೇಕಂತೆ! ನಾದಿನಿ ಫೋನಿನಲ್ಲಿ ಅತ್ತಳು. ಸೇಡಂನ ಬೀಗತಿ ಫೋನು ಮಾಡಿ, "ಕುಂತಲ್ಲೇ ಕುಂದ್ರಿ, ಏಳಬ್ಯಾಡ್ರಿ, ನಾವೆಲ್ಲಾ ಅದೀವಿ" ಅಂದರು. ಅವತ್ತೇ ಸಂಜೆ ಮೈದುನ ಬಂದು ನನ್ನ ಕಾಲ ಹತ್ತಿರ ಕೂತ.

"ವೈನಿ, ಧಾರಿ ಚಿಂತಿ ಬಿಡ್ರಿ. ನಾವಿಬ್ಬರೂ ಎರೀತೀವಿ. ನಿಮ್ಮ ತಬ್ಯತ್ ಮುಖ್ಯ. ಸೇಡಂದವರೂ ಹಂಗೇ ಅಂದಾರ."

ಪ್ರೀತಿಯಿಂದಲೇ ಹೇಳಿದ, ಅದೇ ನನ್ನ ಹೊಟ್ಟೆ ಉರಿಸಿದ್ದು. ಜಗಳಕ್ಕೆ ಬಂದಿದ್ದರೆ ನಾನು ಗೆಲ್ಲುತ್ತಿದ್ದೆ. ಈ ಲಕ್ವಾ ಎಲ್ಲರಿಗೂ ಅನುಕೂಲವಾಗಿ ಬಂದಿತ್ತು. ಗಂಡನಿಲ್ಲದವಳು ಅನ್ನಬೇಕಾಗಿಲ್ಲ, ಸಿಟ್ಟಿನವಳು ಅನ್ನಬೇಕಾಗಿಲ್ಲ, ಪಾಪ ಕಾಯಿಲೆಯವಳು ಅಂದರೆ ಮುಗಿಯಿತು. ನಿಜ ಹೇಳಿದರೆ? ಈ ವಯಸ್ಸಿನಲ್ಲಿ, ಅದೂ ಗಂಡ ಇಲ್ಲದವಳು, ಮಗಳ ಮದುವೆಗೆ ಮುಖಕ್ಕೆ ಸೂಜಿ ಹಾಕಿಸಿಕೊಂಡಳಂತೆ ಅಂತ ಚಿತ್ತಾಪುರದಿಂದ ಚಿಂಚೋಳಿಯವರೆಗೆ ನಗುತ್ತಾರೆ. ಲಕ್ವಾ ಅಂದರೆ ಮರ್ಯಾದೆ ಉಳಿಯುತ್ತದೆ, ಧಾರೆ ಹೋಗುತ್ತದೆ. "ಹೇಳಿಬಿಡವ್ವಾ" ಅಂತ ಮಗಳು ದಿನಾ ಬೆನ್ನು ಹತ್ತಿದಳು. ನೋಡೋಣ ನೋಡೋಣ ಅಂದೆ. ನೋಡೋಣ ಅನ್ನುವವರನ್ನು ಕಂಡರೆ ಆಗದ ನಾನೇ ಹಾಗೆ ಅಂದೆ.

ಮದುವೆಯ ದಿನ ಚಿತ್ತಾಪುರದ ಕಲ್ಯಾಣ ಮಂಟಪದ ಹಾಲಿನಲ್ಲಿ ನನ್ನನ್ನು ಎದುರಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದರು. ಹೊಸ ಇಳಕಲ್ ಸೀರೆಯ ಮೇಲೆ ಒಂದು ಶಾಲು ಹೊದಿಸಿದರು. ಅಂಥ ಬೇಸಿಗೆಯಲ್ಲಿ ಶಾಲು! ಬಂದವರೆಲ್ಲ ನನ್ನ ಎದುರಿಗೆ ನಿಂತು ಚ್ಚ್ ಚ್ಚ್ ಅಂದು ಊಟದ ಕಡೆ ಹೋದರು. ಬೀಗತಿ ಬಂದು ನನ್ನ ಕೈ ಹಿಡಿದು, "ದೇವರು ಇಂಥಾ ಟೈಮಿಗಿ ಹಿಂಗ ಮಾಡಬಾರದಿತ್ರಿ" ಅಂದು ಕಣ್ಣೊರೆಸಿಕೊಂಡರು. ಒಳ್ಳೆಯ ಹೆಂಗಸು, ಸುಳ್ಳು ಅಳು ಅಲ್ಲ. ನನಗೆ ಕೈ ಎಳೆದುಕೊಳ್ಳಬೇಕು ಅನ್ನಿಸಿತು.

ಮುಹೂರ್ತ ಹತ್ತಿರ ಬಂತು. ಮೈದುನ, ಅವನ ಹೆಂಡತಿ ವೇದಿಕೆಯ ಮೇಲೆ ಹೋಗಿ ನಿಂತರು. ಅಯ್ಯನವರು ಮೈಕಿನಲ್ಲಿ ಮಂತ್ರ ಹೇಳುತ್ತ ಗಿಂಡಿಯನ್ನು ಮೈದುನನ ಕೈಗೆ ಕೊಟ್ಟರು. ಹುಡುಗ ಕೈ ಮುಂದೆ ಮಾಡಿದ. ನನ್ನ ಮಗಳು ಮಾಡಲಿಲ್ಲ. ಎರಡೂ ಕೈ ಕಟ್ಟಿಕೊಂಡು ನಿಂತಳು. "ಕೈ ಚಾಚವ್ವಾ" ಅಂದರು ಅಯ್ಯನವರು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಅಳಲಿಲ್ಲ, ಬಾ ಅಂತ ಕರೆಯಲೂ ಇಲ್ಲ. ನೋಡಿದಳು ಅಷ್ಟೇ.

ಆಗ ನನ್ನ ಮೇಲೆ ನನಗೇ ಸಿಟ್ಟು ಬಂತು ನೋಡಿ. ಆ ಹುಡುಗಿ ಅಷ್ಟು ಮಂದಿಯ ಮುಂದೆ ಕೈ ಕಟ್ಟಿ ನಿಲ್ಲುತ್ತಾಳೆ, ನಾನು ಮಂದಿ ನಗುತ್ತಾರೆ ಅಂತ ಶಾಲು ಹೊದ್ದು ಕೂತಿದ್ದೇನೆ. ಶಾಲು ಕುರ್ಚಿಯ ಮೇಲೆ ಒಗೆದು ಎದ್ದೆ. "ಹಿಡೀರಿ ಹಿಡೀರಿ, ಬೀಳ್ತಾರ" ಅಂತ ಯಾರೋ ಓಡಿಬಂದರು. ಅವರನ್ನು ದಾಟಿ ಮೆಟ್ಟಿಲು ಹತ್ತಿದೆ.

"ನಂಗ ಲಕ್ವಾ ಹೊಡದಿಲ್ಲ" ಅಂದೆ.

ನನ್ನದು ಕಲ್ಲು ಕೊಯ್ಯುವ ಮಶೀನಿನ ಮೇಲೆ ಕೇಳಿಸುವ ದನಿ. ಎದುರಿಗೇ ಅಯ್ಯನವರ ಮೈಕು ಬೇರೆ ಇತ್ತು. ಊಟದ ಹಾಲಿನಲ್ಲಿದ್ದವರೂ ಎದ್ದು ಬಂದರು.

"ಮುಖದ ಮ್ಯಾಲಿನ ಗೀರು ಹೋಗ್ಲಿ ಅಂತ ಕಲಬುರಗಿಗಿ ಹೋಗಿ ಸೂಜಿ ಮಾಡ್ಸಿಕೊಂಡು ಬಂದೀನಿ. ಔಷಧ ಸರದು ರೆಪ್ಪಿ ಬಿದ್ದದ. ಒಂದೀಟ್ ದಿನಕ್ಕ ತಾನೇ ಏಳ್ತದ. ಕೈಗಿ ಏನೂ ಆಗಿಲ್ಲ, ಕಾಲಿಗಿ ಏನೂ ಆಗಿಲ್ಲ. ನನ್ನ ಮಗಳ ಧಾರಿ ನಾ ಎರೀತೀನಿ."

ಮೊದಲು ಯಾರೋ ಒಬ್ಬರು ನಕ್ಕರು, ಆಮೇಲೆ ಹಾಲಿಗೆ ಹಾಲೇ ನಕ್ಕಿತು. ಆ ನಗುವಿನ ನಡುವೆ ಅದೇ ಹಿರಿಯರ ದನಿ ಬಂತು: "ಈ ವಯಸ್ಸಿನಾಗ ಯಾರಿಗಿ ತೋರಸ್ಲಿಕ್ಕ ಬೇಕಾಗಿತ್ರಿ ಇದು?"

"ನಿಮಗೇ ತೋರಸ್ಲಿಕ್ಕ" ಅಂದೆ. "ಧಾರಿ ಮಾತು ಬಂದಾಗ ನನ್ನ ಮುಖದ ನೆವ ಮಾಡಿ ಮಾತು ಮುರದವ್ರು ನೀವೆಲ್ಲಾ. ಮುಖ ರಿಪೇರಿ ಮಾಡ್ಸಿಕೊಂಡು ಬಂದೀನಿ. ಈಗ ಏನ್ ಹೇಳ್ತೀರಿ ಹೇಳ್ರಿ."

ಅವರು ತಿರುಗಿ ಬೀಗತಿಯನ್ನು ನೋಡಿದರು. ಮೈದುನ ಗಿಂಡಿ ಹಿಡಿದುಕೊಂಡೇ ಬೀಗತಿಯ ಕಡೆ ನೋಡಿದ. ಎಲ್ಲರೂ ಅವರ ಕಡೆಯೇ ನೋಡಿದರು. ಅವರು ನಗುತ್ತಿರಲಿಲ್ಲ. ನನ್ನ ಹತ್ತಿರ ಬಂದು ನನ್ನ ಕಣ್ಣನ್ನೇ ನೋಡುತ್ತ ನಿಂತರು.

"ಔಷಧ ಹ್ಯಾಂಗ ಸರೀತು?"

"ಸೂಜಿ ಮಾಡ್ಸಿಕೊಂಡು ಬಂದ ದಿನಾನೇ ಅರಿಷಿಣ ಕುಟ್ಟಿದ್ರು. ನಮ್ಮ ನಾದಿನಿ ಮುಖಕ್ಕ ಹಚ್ಚಿ ತಿಕ್ಕಿದ್ರು."

ಹೆಂಗಸರ ಗುಂಪಿನಲ್ಲಿ ನಾದಿನಿ, "ಅಯ್ಯ ಶಿವನೇ" ಅಂತ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ತಿಕ್ಕಬಾರ್ದಂತ ಡಾಕ್ಟರ್ ಹೇಳಿದ್ದಿಲ್ಲೇನು?" ಬೀಗತಿ ಕೇಳಿದರು.

"ಹೇಳಿದ್ರು."

"ಮತ್ತ ಬ್ಯಾಡ ಅನ್ನಬೇಕಿಲ್ಲೋ? ಬಾಯಿ ಇದ್ದಿಲ್ಲೇನ್ರಿ ನಿಮಗ?"

ಬಾಯಿ ಇತ್ತು. ನನ್ನ ಬಾಯಿಯ ಸುದ್ದಿ ಈ ಐದು ಊರಿಗೂ ಗೊತ್ತು. ಆದರೆ ಆಗ ಮೈಕು ಇದ್ದರೂ ನನ್ನ ಮಾತು ಮೆಲ್ಲಗೆ ಬಂತು.

"ನಮ್ಮನಿಯವರು ಹೋದ ಮ್ಯಾಲ ನನ್ನ ಮುಖಕ್ಕ ಯಾರೂ ಅರಿಷಿಣ ಹಚ್ಚಿದ್ದಿಲ್ರಿ. ಅವತ್ತೇ ಹಚ್ಚಿದ್ರು. ಬ್ಯಾಡ ಅಂತ ಹ್ಯಾಂಗ ಅನ್ಲಿ? ಎರಡೂ ಕಣ್ಣು ಬಿದ್ದು ಹೋಗ್ತಿದ್ರೂ ಅಂತಿದ್ದಿಲ್ಲ."

ಅಕ್ಷತೆಯ ಅಕ್ಕಿಕಾಳು ಹಿಡಿದ ಕೈಗಳು ಹಿಡಿದ ಹಾಗೇ ಇದ್ದವು. ನಗುತ್ತಿದ್ದ ಹೆಂಗಸರಲ್ಲಿ ಎಷ್ಟೋ ಮಂದಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಅವರಲ್ಲಿ ಎಷ್ಟು ಜನ ನನ್ನ ಹಾಗೆ ಅಡುಗೆಮನೆಯಲ್ಲಿ ಚಹಾ ನೋಡಿಕೊಂಡವರೋ ನನಗೇನು ಗೊತ್ತು.

ಬೀಗತಿ ಮೈದುನನ ಕೈಯಿಂದ ಗಿಂಡಿ ತೆಗೆದುಕೊಂಡರು. ಅವನು ಬೇಗನೇ ಬಿಟ್ಟುಕೊಟ್ಟ, ಅವನ ಕಣ್ಣೂ ತುಂಬಿತ್ತು. ಅವರು ಅದನ್ನು ನನ್ನ ಎರಡೂ ಕೈಗೆ ಇಟ್ಟು, ಬೆರಳನ್ನು ಒತ್ತಿ ಹಿಡಿಸಿ, ಅಯ್ಯನವರ ಕಡೆ ತಿರುಗಿದರು.

"ಮುಹೂರ್ತ ಮೀರ್ಲಿಕತ್ತದ. ಮಂತ್ರ ಹೇಳ್ರಿ."

ಮಗಳು ಕೈ ಚಾಚಿದಳು. ಹುಡುಗನ ಕೈಯ ಮೇಲೆ ಅವಳ ಕೈ, ಅದರ ಮೇಲೆ ನಾನು ನೀರು ಬಿಟ್ಟೆ. ಅಕ್ಕಿಕಾಳು ಬಿದ್ದವು, ಬ್ಯಾಂಡು ಎದ್ದಿತು. "ಆಯ್ತ್ರಿ, ಸಾಕ್ರಿ" ಅಂದರು ಅಯ್ಯನವರು. ನಾನು ನಿಲ್ಲಿಸಲಿಲ್ಲ. "ಸಾಕ್ರೀ ತಾಯಿ" ಅಂತ ಮತ್ತೊಮ್ಮೆ ಅಂದರು. ಮಗಳು ಕೈ ಹಿಂದೆ ತೆಗೆದುಕೊಳ್ಳಲಿಲ್ಲ, ನಾನು ಗಿಂಡಿ ಎತ್ತಲಿಲ್ಲ. ಕೊನೆಯ ಹನಿ ಬೀಳುವವರೆಗೂ ಎರೆದೆ.